ವಿಶ್ವವಿದ್ಯಾನಿಲಯಗಳೂ ನಮ್ಮ ನೆಂಟರೂ

ಮೊರದಲ್ಲಿ ರೇಷನ್ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತ ಕೂತಿದ್ದೆ. ರೇಷನ್ ಅಕ್ಕಿ ಆರಿಸಿದವರಿಗೆಲ್ಲ ಗೊತ್ತಿರುವ ಸಂಗತಿ ಇದು: ಸ್ವಲ್ಪ ಹೊತ್ತು ಕಳೆದ ಮೇಲೆ, ಅಕ್ಕಿಯಿಂದ ಕಲ್ಲು ಆರಿಸುವುದಕ್ಕಿಂತ ಕಲ್ಲಿನಿಂದ ಅಕ್ಕಿ ಆರಿಸುವುದೇ ಸುಲಭ ಎನಿಸತೊಡಗುತ್ತದೆ. ಆ ಹಂತಕ್ಕೆ ಬಂದಿದ್ದಾಗ ಮಗಳು ವತ್ಸಲ ಮೂರು ಮಹಡಿಯ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿ ಬಂದು, "ಅಮ್ಮಾ, ಇಂಟರ್ ಸೈನ್ಸು ಫಸ್ಟ್ ಕ್ಲಾಸು!" ಎಂದಳು. ಮೊರ ಕೆಳಗಿಟ್ಟು ಗೂಡಿನಲ್ಲಿದ್ದ ಕೃಷ್ಣನಿಗೆ ಕೈಮುಗಿದೆ. ದಿನಕ್ಕೆ ಎರಡು ಮೂರು ಕೃಪೆಗಳನ್ನಾದರೂ ಎಣಿಸಿಕೊಳ್ಳದೆ ಮಲಗುವವಳಲ್ಲ ನಾನು. ನಲ್ಲಿಯಲ್ಲಿ ಎಂಟು ಗಂಟೆಯವರೆಗೆ ನೀರು ಬಂದರೆ ಒಂದು. ನಮ್ಮವರಿಗೆ ಲೋಕಲ್‌ನಲ್ಲಿ ಕೂರಲು ಜಾಗ ಸಿಕ್ಕಿ, ಸಂಜೆ ಮನೆಗೆ ಮನುಷ್ಯರ ಹಾಗೆ ಬಂದರೆ ಇನ್ನೊಂದು. ಫಸ್ಟ್ ಕ್ಲಾಸನ್ನು ಏಕದಂ ನಾಲ್ಕು ಎಂದು ಎಣಿಸಿದೆ. ಎಣಿಸಿ ಮುಗಿಸುವಷ್ಟರಲ್ಲಿ ಅವಳು, "ಬಿ.ಎಸ್ಸಿ.ಗೆ ಭೂವಿಜ್ಞಾನ ತಗೋತೀನಿ" ಎಂದಳು.

"ಹಾಗಂದ್ರೇನೇ?"

"ಬೆಟ್ಟ ಹೇಗಾಯ್ತು, ಮಣ್ಣು ಹೇಗಾಯ್ತು ಅಂತ ಓದೋದಮ್ಮ. ಕಲ್ಲು ನೋಡಿ ಇದು ಇಂಥದ್ದು ಅಂತ ಗುರುತು ಹಿಡಿಯೋದು."

"ಅದಕ್ಕೆ ಕಾಲೇಜು ಯಾಕೆ? ಬಾ, ಈ ಮೊರ ತಗೋ."

ನಾನು ನಕ್ಕೆ. ಅವಳು ನಗಲಿಲ್ಲ. ನನ್ನ ಮಾತಿಗೆ ಮನೆಯಲ್ಲಿ ಯಾರೂ ನಗದಿರುವುದು ಹೊಸದೇನಲ್ಲ. ಆದರೆ ಅವತ್ತು ಅವಳು ನಿಂತ ರೀತಿ ನೋಡಿ ನಾನು ಮೊರವನ್ನು ಮತ್ತೆ ನನ್ನ ಕಡೆಗೇ ಎಳೆದುಕೊಂಡೆ.

ನಮ್ಮವರು ಬಂದರಿನ ಕಚೇರಿಯಲ್ಲಿ ಹೆಡ್ ಕ್ಲಾರ್ಕು. ಕಾಗದದ ಮೇಲೆ ಗೆರೆ ಎಳೆಯದೆ ಅವರು ಯಾವ ವಿಷಯವನ್ನೂ ಯೋಚಿಸಲಾರರು. ನನ್ನನ್ನು ನೋಡಲು ಬಂದಾಗಲೂ ಹೀಗೇ ಗೆರೆ ಎಳೆದುಕೊಂಡು ಬಂದಿದ್ದರೆಂದು ನನಗೆ ಗುಮಾನಿ. ಯಾವ ಕಾಲಮ್ಮಿನಲ್ಲಿ ಪಾಸಾದೆನೋ, ಕೇಳಲು ಇಷ್ಟು ವರ್ಷವಾದರೂ ಧೈರ್ಯ ಬಂದಿಲ್ಲ. ಅವತ್ತು ಸಂಜೆ ಮಗಳ ಮಾತು ಕೇಳಿದ್ದೇ, ಕಾಫಿಯನ್ನೂ ಮುಗಿಸದೆ ದೊಡ್ಡ ಹಾಳೆ ಹಾಸಿ, ಕೆಂಪು ನೀಲಿ ಪೆನ್ಸಿಲು ಹಿಡಿದು ಕೂತರು. ಮುಂಬಯಿಯಲ್ಲಿ ಆ ಶಾಸ್ತ್ರ ಕಲಿಸುವ ಕಾಲೇಜು ಇಲ್ಲದೆ ಇರಲಿಲ್ಲ. ಆದರೆ ವಡಾಲದಿಂದ ಎರಡು ಗಾಡಿ ಬದಲಾಯಿಸಬೇಕು. "ಈ ಮನೆಯಿಂದ ಲೋಕಲ್‌ನಲ್ಲಿ ಒಬ್ಬ ಜೋತಾಡಿದ್ದು ಸಾಕು" ಎಂದು ಮುಂಬಯಿಯ ಸಾಲನ್ನು ಮೊದಲೇ ಹೊಡೆದು ಹಾಕಿದರು. ಉಳಿದವು ಮದರಾಸು, ಪುಣೆ, ಕಾಶಿ.

"ವಿಶ್ವವಿದ್ಯಾನಿಲಯ ದೊಡ್ಡದಾಗಿರಬೇಕು ಕಣೇ. ಅವಳಿಗೆ ಸರಿಯಾಗಿ ಹೊಂದಲೂ ಬೇಕು."

"ದೊಡ್ಡದೂ ಆಗ್ಬೇಕು, ಹೊಂದಲೂ ಬೇಕು ಅಂದ್ರೆ ಹೇಗೆ? ದೊಡ್ಡ ರವಿಕೆ ಯಾರಿಗೆ ಹೊಂದುತ್ತೆ?"

"ನೀನು ಒಳಗೆ ಹೋಗಿ ಸಾರು ನೋಡು."

ಸಾರು ನೋಡುತ್ತಲೇ ಕಿವಿ ಇತ್ತ ಇಟ್ಟಿದ್ದೆ. ಆ ಮೂರೂ ಊರಿನಲ್ಲಿ ನೆಂಟರಿದ್ದರು. ಮದರಾಸಿನಲ್ಲಿ ಇವರ ದೊಡ್ಡಪ್ಪನ ಮಗ, ಪುಣೆಯಲ್ಲಿ ನನ್ನ ತಮ್ಮ, ಕಾಶಿಯಲ್ಲಿ ಇವರ ಸೋದರಮಾವನ ಅಳಿಯ. ಕಾರ್ಬನ್ ಇಟ್ಟು ಮೂವರಿಗೂ ಒಂದೇ ಕಾಗದ ಬರೆದರು. ಇಲಾಖೆಗಳು ಎಷ್ಟು, ಪುಸ್ತಕಭಂಡಾರ ಎಷ್ಟು ದೊಡ್ಡದು, ಆವರಣದ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಲು ಎಷ್ಟು ಹೊತ್ತು ಬೇಕು, ಹೀಗೆ ಹತ್ತು ಪ್ರಶ್ನೆ. ಕೊನೆಯಲ್ಲಿ ಒಂದೇ ಒಂದು ಸಾಲು: ಹುಡುಗಿಯನ್ನು ಹಾಸ್ಟೆಲಿಗೆ ಸೇರಿಸಿಕೊಳ್ಳಲು ಊರಿನಲ್ಲಿರುವ ಬಂಧುಗಳೊಬ್ಬರು ಗಾರ್ಡಿಯನ್ ಎಂದು ರುಜು ಹಾಕಬೇಕಾಗುತ್ತದೆ, ತಾವು ದಯಮಾಡಿ ಒಪ್ಪುವಿರಷ್ಟೆ. ಮಗಳಿಗೂ ಖಡಾಖಂಡಿತವಾಗಿ ಹೇಳಿದರು: "ತಿಂಗಳ ಕೊನೆಯೊಳಗೆ ಯಾರಾದ್ರೂ ಒಪ್ಪಿದ್ರೆ ಸರಿ. ಇಲ್ದಿದ್ರೆ ಇಲ್ಲೇ ಹತ್ತಿರ ಬಿ.ಎ.ಗೆ ಸೇರು, ಜಾತಕಾನೂ ಹೊರಗೆ ತೆಗೆಯೋಣ." ವತ್ಸಲ ಹೂಂ ಎಂದಳು. ಅವತ್ತಿನಿಂದ ಪೋಸ್ಟ್‌ಮನ್ ಬರುವ ಹೊತ್ತಿಗೆ ಅವಳಿಗೆ ಬಾಲ್ಕನಿಯಲ್ಲಿ ಒಣಗಿಹಾಕುವ ಬಟ್ಟೆ ವಿಪರೀತವಾಯಿತು.

ಉತ್ತರಗಳು ಬಂದವು. ಮದರಾಸಿನವರು ವಿಶ್ವವಿದ್ಯಾನಿಲಯವನ್ನು ಬಾಯಿತುಂಬ ಹೊಗಳಿದ್ದರು. ಆದರೆ ಬಿಸಿಲು! ಎಳೆಯ ಹುಡುಗಿ ಕರಗಿ ಹೋದಾಳು. ತಂಪಾದ ಪುಣೆ ಪಕ್ಕದಲ್ಲಿರುವಾಗ ಇಷ್ಟು ದೂರ ಯಾಕೆ? ಪುಣೆಯ ನನ್ನ ತಮ್ಮ, ತನ್ನ ಹೆಂಡತಿಯ ಅಕ್ಷರದಲ್ಲಿ ಬರೆದಿದ್ದ: ಇಲ್ಲಿಯದೂ ಒಳ್ಳೆಯದೇ ಅಕ್ಕ, ಆದರೆ ಚಳಿ ಎದೆಗೆ ಇಳಿಯುತ್ತದೆ, ಆಳವಾದ ವಿದ್ಯೆ ಬೇಕೆಂದರೆ ಕಾಶಿಯನ್ನು ಬಿಟ್ಟರುಂಟೇ? ಕಾಶಿಯ ಅಳಿಯಂದಿರು ಗಂಗೆಯ ಮೇಲೆ ಎರಡು ಪುಟ ಬರೆದು, ಮೂರನೆಯ ಪುಟದಲ್ಲಿ ಮಂಗಗಳಿಗೆ ಬಂದಿದ್ದರು. ಕೈಯಲ್ಲಿ ಹಿಡಿದ ಪುಸ್ತಕವನ್ನೇ ಕಿತ್ತುಕೊಂಡು ಹೋಗುತ್ತವಂತೆ. ನಮ್ಮ ಕಡೆಯವರಿಗೆ ಹೊಂದುವುದು ಮದರಾಸೇ ಎಂದು ಅವರ ಅಭಿಪ್ರಾಯ.

ನಮ್ಮವರು ಇದನ್ನೆಲ್ಲ ಗಂಭೀರವಾಗಿ ಕಾಲಮ್ಮುಗಳಿಗೆ ಇಳಿಸಿದರು. "ಬಿಸಿಲು", "ಚಳಿ", "ಮಂಗ" ಎಂದು ಕೆಂಪಿನಲ್ಲಿ ಬರೆದರು. ಆಮೇಲೆ ಕನ್ನಡಕ ತೆಗೆದು, "ವಿಚಿತ್ರ ಕಣೇ. ಮೂರು ವಿಶ್ವವಿದ್ಯಾನಿಲಯಕ್ಕೂ ಒಂದೊಂದು ಮತ ಬಂದಿದೆ. ಸಮಸಮ!" ಎಂದರು. ಹಡಗಿನಲ್ಲಿ ಬರುವ ಒಂದು ಪೆಟ್ಟಿಗೆ ಕಮ್ಮಿಯಾದರೆ ಕೂತಲ್ಲೇ ಪತ್ತೆ ಹಚ್ಚುವ ಮನುಷ್ಯ ಇವರು.

ಪಕ್ಕದ ಮನೆಯ ಕಮಲಕ್ಕನಿಗೆ ಹೇಳಿದೆ. ಅವರು ಉಡುಪಿ ಕಡೆಯವರು; ಯಜಮಾನರದು ಜೋಗೇಶ್ವರಿಯಲ್ಲಿ ಹೋಟೆಲು. ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸದೆ ಪೂರ್ತಿ ಕೇಳಿದರು.

"ಎಂತ ಮಾರಾಯ್ರೆ, ಅಷ್ಟೂ ಗೊತ್ತಾಗುದಿಲ್ವಾ ನಿಮಗೆ? ಹುಡುಗಿ ಅವರವರ ಮನೆಗೆ ಬಂದು ಕೂತ್ರೆ ಅಂತ ಹೆದರಿಕೆ! ಭಾನುವಾರ ಊಟಕ್ಕೆ ಕರೀಬೇಕು, ಜ್ವರ ಬಂದ್ರೆ ನೋಡ್ಬೇಕು, ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಿಮ್ಮ ಕೈಲಿ ಬೈಸ್ಕೊಳ್ಬೇಕು. ಮಂಗ ಅಂತೆ, ಮಂಗ!"

ಮನೆಗೆ ಬಂದು ನೆಂಟರನ್ನು ಚೆನ್ನಾಗಿ ಬೈದೆ. ತಮ್ಮನನ್ನೂ ಬಿಡಲಿಲ್ಲ. ಆದರೆ ಈಗ ನಿಜ ಹೇಳಿಬಿಡುತ್ತೇನೆ. ಒಂದೊಂದು ಕಾಗದ ಬಂದಾಗಲೂ ಬಾಯಲ್ಲಿ ಬೈಗುಳ, ಒಳಗೆ ಮಾತ್ರ ಕೃಪೆಗಳ ಲೆಕ್ಕಕ್ಕೆ ಇನ್ನೊಂದು ಸೇರುತ್ತಿತ್ತು. ಮದರಾಸಿನ ಬಿಸಿಲು ಒಂದು, ಪುಣೆಯ ಚಳಿ ಎರಡು, ಕಾಶಿಯ ಮಂಗ ಮೂರು. ಹದಿನೆಂಟು ವರ್ಷ ಎರಡು ಕೋಣೆಯಲ್ಲಿ ನನ್ನ ಕಾಲಿಗೆ ತೊಡರುತ್ತ ಬೆಳೆದ ಹುಡುಗಿ. ಅವಳಿಲ್ಲದೆ ನನ್ನ ಮಾತಿಗೆ ನಗದಿರುವವರು ಇವರೊಬ್ಬರೇ ಉಳಿಯುತ್ತಿದ್ದರು.

ಹೀಗಿರುವಾಗ ಒಂದು ಶುಕ್ರವಾರ ಮಧ್ಯಾಹ್ನ, ಮನೆಯಲ್ಲಿ ನಾನೊಬ್ಬಳೇ ಇದ್ದಾಗ, ಮೈಸೂರಿನಿಂದ ಒಂದು ಕಾರ್ಡು ಬಂತು. ಮೈಸೂರಿಗೆ ನಾವು ಬರೆದೇ ಇರಲಿಲ್ಲ. ತಾವು ಓದಿ ಬಂದ ಜಾಗ ಅಷ್ಟು ದೊಡ್ಡದಿರಲಾರದೆಂದು ನಮ್ಮವರ ನಂಬಿಕೆ. ಅಲ್ಲದೆ ಅಲ್ಲಿ ಉಳಿದಿದ್ದವರು ಇವರ ಸೋದರತ್ತೆ ಪುಟ್ಟಮ್ಮನವರೊಬ್ಬರೇ. ಒಂಟಿ ಜೀವ, ಓದು ಬಾರದು, ಹತ್ತು ಪ್ರಶ್ನೆಗೆ ಏನು ಉತ್ತರ ಕೊಟ್ಟಾರು ಎಂದು ಕೈಬಿಟ್ಟಿದ್ದರು. ಸುದ್ದಿ ಹೇಗೋ ಅವರ ಕಿವಿಗೆ ಬಿದ್ದು, ಎದುರುಮನೆಯ ಹುಡುಗಿಯ ಕೈಯಲ್ಲಿ ಬರೆಸಿದ್ದರು: "ಮಗು ಓದಬೇಕು ಅಂತಿದೆಯಂತೆ. ಕಳಿಸು. ಕಾಲೇಜು ದೊಡ್ಡದೋ ಚಿಕ್ಕದೋ ನನಗೆ ತಿಳಿಯದು, ಕಲ್ಲಿನ ಪಾಠ ಇದೆ ಅಂತ ಈ ಹುಡುಗಿ ಹೇಳುತ್ತಾಳೆ. ಹಾಸ್ಟೆಲು ಯಾಕೆ, ನನ್ನ ಹತ್ತಿರ ಇರಲಿ. ರುಜು ಬೇಕೆಂದರೆ ಹೆಬ್ಬೆಟ್ಟು ಒತ್ತುತ್ತೇನೆ. ಅರ್ಜಿ ತಗೊಳ್ಳೋದು ತಿಂಗಳ ಕೊನೆಯ ತನಕ ಮಾತ್ರವಂತೆ."

ಹತ್ತು ಪ್ರಶ್ನೆಯಲ್ಲಿ ಒಂದಕ್ಕೂ ಉತ್ತರವಿರಲಿಲ್ಲ. ಕಾರ್ಡನ್ನು ಕೃಷ್ಣನ ಪೀಠದ ಕೆಳಗಿಟ್ಟೆ. ಸಂಜೆ ಇವರು ಬಂದ ಮೇಲೆ ಕೊಡೋಣ ಎಂದೇ ಇಟ್ಟದ್ದು, ಆಣೆಯಾಗಿಯೂ. ಸಂಜೆ ಇವರಿಗೆ ತಲೆನೋವು. ಶನಿವಾರ ಒಳ್ಳೆಯ ಸುದ್ದಿ ಹೇಳುವ ದಿನವಲ್ಲ. ಆಮೇಲೆ ಏಕಾದಶಿ ಬಂತು, ಉಪವಾಸದ ಹೊಟ್ಟೆಯಲ್ಲಿ ಇಂಥ ವಿಷಯ ತೆಗೆಯಬಾರದು. ಮರುದಿನ ಪಾರಣೆ, ಅವಸರ. ಪಂಚಾಂಗದಲ್ಲಿ ಹುಡುಕುವ ಮನಸ್ಸಿರುವವಳಿಗೆ ಒಳ್ಳೆಯ ದಿನವೇ ಸಿಗದಂತೆ ಮಾಡಲು ಎಷ್ಟು ಅನುಕೂಲವಿದೆ ಎಂದು ನನಗೆ ಆಗ ತಿಳಿಯಿತು. ದಿನಾ ಬೆಳಿಗ್ಗೆ ಕಾರ್ಡಿನ ಮೇಲೆ ಪೀಠ, ಪೀಠದ ಮೇಲೆ ಕೃಷ್ಣ, ಕೃಷ್ಣನ ಮೇಲೆ ನನ್ನ ತುಳಸಿ. ಅವನು ಕೊಳಲೂದುತ್ತ ಸುಮ್ಮನೆ ನಿಂತಿದ್ದ. ನೆರೆಹೊರೆಯ ಬೆಣ್ಣೆ ಕದ್ದವನಿಗೆ ನನಗೆ ಬುದ್ಧಿ ಹೇಳುವ ಮುಖವಾದರೂ ಎಲ್ಲಿತ್ತು?

ಒಂಬತ್ತನೆಯ ದಿನ ವತ್ಸಲ ನನ್ನ ಪಕ್ಕ ಕೂತು ಚಪಾತಿ ಲಟ್ಟಿಸುತ್ತ, "ಬಿ.ಎ.ನೂ ಏನೂ ಕೆಟ್ಟದ್ದಲ್ಲ ಅಲ್ವೇನಮ್ಮ?" ಎಂದಳು. ಅವಳು ಅತ್ತಿದ್ದರೆ ನಾನೂ ಅತ್ತು ಸಮಾಧಾನ ಹೇಳುತ್ತಿದ್ದೆ. ಅಳದೆ ಗುಂಡಗೆ ಲಟ್ಟಿಸಿದಳು. ಯಾವತ್ತೂ ಅವಳ ಚಪಾತಿ ಗುಂಡಗೆ ಬಂದದ್ದಿಲ್ಲ. ನಾಳೆ ಕಾರ್ಡು ಕೊಟ್ಟೇಬಿಡುತ್ತೇನೆ ಎಂದುಕೊಂಡೆ.

ಮರುದಿನ ಭಾನುವಾರ, ಬೆಳಗಾಗುವಷ್ಟರಲ್ಲಿ ನಾನು ಹೊರಗಾದೆ. ಎರಡು ಕೋಣೆಯ ಮನೆಯಲ್ಲಿ ಹೊರಗೆಂದರೆ ಬಾಗಿಲ ಪಕ್ಕದ ಮೂಲೆ, ಒಂದು ಚಾಪೆ, ಒಂದು ಚೊಂಬು. ಮೂರು ದಿನ ದೇವರ ಗೂಡಿನ ಹತ್ತಿರ ಸುಳಿಯುವಂತಿಲ್ಲ. ಕೈಚಾಚಿದರೆ ಸಿಗುವಷ್ಟು ದೂರದಲ್ಲಿ ಕಾರ್ಡು, ಚಾಚುವಂತಿಲ್ಲದ ಕೈ. ವತ್ಸಲ ಸ್ನಾನ ಮಾಡಿ ಬಂದು ದೇವರ ಪಾತ್ರೆಗಳನ್ನು ಇಳಿಸತೊಡಗಿದಳು.

"ಕೃಷ್ಣನ್ನ ಎತ್ತಬೇಡ!" ಎಂದು ಕೂಗಿದೆ.

"ಪೀಠ ತೊಳೀಬೇಡ್ವೇನಮ್ಮ?"

"ನಿನ್ನೆ ತಾನೇ ತೊಳೆದಿದೀನಿ!"

"ದಿನಾ ತೊಳೀಬೇಕು ಅಂತ ನೀನೇ ಹೇಳ್ಕೊಟ್ಟಿದ್ದು," ಎಂದು ಎತ್ತಿಯೇಬಿಟ್ಟಳು.

ಕಾರ್ಡಿಗೆ ಗಂಧ ಮೆತ್ತಿತ್ತು. ಬೆರಳಲ್ಲಿ ಒರೆಸಿ ಓದಿದಳು. ಅಂಚೆಯ ಮುದ್ರೆಯನ್ನೂ ನೋಡಿದಳು; ಮುದ್ರೆಯಲ್ಲಿ ತಾರೀಖು ಇರುತ್ತದೆ. ಆಮೇಲೆ ನನ್ನನ್ನು ನೋಡಿದಳು. ಯಾರಾದರೂ ಪುಸ್ತಕ ಕಿತ್ತುಕೊಂಡು ಹೋದರೆ ಹೀಗೆ ನೋಡುತ್ತಾರೇನೋ. ನಾನು ಚೊಂಬನ್ನು ನೋಡುತ್ತ ಕೂತೆ. ಅಷ್ಟರಲ್ಲಿ ಇವರು ಮಡಿಪಂಚೆ ಉಟ್ಟು ಪೂಜೆಗೆ ಬಂದು, "ಏನೇ ಅದು?" ಎಂದರು.

"ಪುಟ್ಟಮ್ಮಜ್ಜಿ ಕಾರ್ಡು, ಅಪ್ಪಾ. ನನ್ನನ್ನ ಕಳಿಸು ಅಂತ ಬರೆಸಿದಾರೆ." ನನ್ನ ಕಡೆಯಿಂದ ಕಣ್ಣು ತೆಗೆಯದೆ ಸೇರಿಸಿದಳು: "ಅಮ್ಮ ದೇವರ ಹತ್ತಿರ ಇಟ್ಟು ಬೇಡ್ಕೋತಿದ್ದಳು ಅಂತ ಕಾಣುತ್ತೆ."

ಇವರು ಕಾರ್ಡನ್ನು ಎರಡು ಸಲ ಓದಿದರು. ಗದರುತ್ತಾರೆಂದು ಕಾದೆ. ಕಣ್ಣೊರೆಸಿಕೊಂಡರು! "ನೋಡಿದ್ಯಾ, ನಾನು ಹಾಳೆ ತುಂಬ ಗೆರೆ ಎಳೆದೆ. ನೀನು ಬಾಯಿ ಮುಚ್ಚಿಕೊಂಡು ದೇವರಿಗೆ ಒಪ್ಪಿಸಿದೆ." ಬಾಯಿ ಮುಚ್ಚಿಕೊಂಡದ್ದೇನೋ ನಿಜ. ತಿಂಗಳ ಕೊನೆಗೆ ಉಳಿದಿದ್ದದ್ದು ನಾಲ್ಕೇ ದಿನ. ಅಂಚೆಯಲ್ಲಿ ಅರ್ಜಿ ಮುಟ್ಟುವುದಿಲ್ಲವೆಂದು, ರಜೆ ಬರೆದುಕೊಟ್ಟು ಸೋಮವಾರವೇ ತಂದೆ ಮಗಳು ಹೊರಟರು. ಪ್ರಯಾಣಕ್ಕೆ ಬುತ್ತಿ ಕಟ್ಟಿದವರು ಕಮಲಕ್ಕ. ಟ್ರಂಕು ತುಂಬಿದವಳು ವತ್ಸಲಳೇ. ನಾನು ಮೂಲೆಯಿಂದ, "ಸ್ವೆಟರ್ ಇಟ್ಕೊಂಡ್ಯಾ, ಬಾಚಣಿಗೆ ಇಟ್ಕೊಂಡ್ಯಾ" ಎಂದು ಕೂಗುತ್ತಿದ್ದೆ. ಹೊರಡುವಾಗ ಮಗಳು ದೂರದಿಂದಲೇ ನಮಸ್ಕಾರ ಮಾಡಿದಳು. ತಲೆಯ ಮೇಲೆ ಕೈಯಿಡುವಂತಿಲ್ಲ. ಬಾಗಿಲು ದಾಟಿದವಳು ಮತ್ತೆ ತಲೆ ಹಾಕಿ, "ಅಮ್ಮಾ, ನಿಂಗೆ ನಾನು ವಾರಕ್ಕೊಂದು ಕಾರ್ಡು ಬರೀತೀನಿ. ಅದನ್ನ ಮಾತ್ರ ಅಪ್ಪಂಗೂ ತೋರಿಸು" ಎಂದಳು. ನಕ್ಕಳೋ ಇಲ್ಲವೋ, ನನ್ನ ಕಣ್ಣು ಆಗ ಸರಿಯಾಗಿ ಕಾಣುತ್ತಿರಲಿಲ್ಲ.

ಮೈಸೂರಿನಲ್ಲಿ ಸೀಟು ಸಿಕ್ಕಿತು. ಗಾರ್ಡಿಯನ್ನಿನ ಜಾಗದಲ್ಲಿ ಪುಟ್ಟಮ್ಮತ್ತೆ ಹೆಬ್ಬೆಟ್ಟನ್ನು ಅದೆಷ್ಟು ಜೋರಾಗಿ ಒತ್ತಿದರೆಂದರೆ ಹಿಂದಿನ ಹಾಳೆಗೂ ಮೂಡಿತಂತೆ. ನಮ್ಮವರು ವಾಪಸು ಬಂದವರೇ ಬಿಲ್ಡಿಂಗಿನಲ್ಲೆಲ್ಲ ನನ್ನ ಭಕ್ತಿಯನ್ನು ಕೊಂಡಾಡಿದರು. ಕೆಳಗಿನ ಮನೆಯವರು ತಮ್ಮ ಮಗನ ನೌಕರಿಯ ಅರ್ಜಿಯನ್ನು ತಂದು, ನಮ್ಮ ಕೃಷ್ಣನ ಕೆಳಗೆ ಒಂಬತ್ತು ದಿನ ಇಟ್ಟುಕೊಡಿ ಎಂದು ಕೇಳಿದರು. ಇಲ್ಲವೆನ್ನಲು ಕಾರಣ ಹೇಳಬೇಕಾಗುತ್ತಿತ್ತು. ಇಟ್ಟೆ.

ಮೊನ್ನೆ ಪುಣೆಯಿಂದ ತಮ್ಮನ ಕಾಗದ ಬಂತು, ಮತ್ತೆ ಹೆಂಡತಿಯ ಅಕ್ಷರದಲ್ಲೇ. ನಾವೆಲ್ಲ ಇದ್ದೂ ಇಲ್ಲದವರಂತೆ ಹುಡುಗಿಯನ್ನು ಅಷ್ಟು ದೂರ ಕಳಿಸಿದೆಯಲ್ಲ ಅಕ್ಕ, ಅವಳಿಗಾಗಿ ಮುಂದಿನ ಕೋಣೆ ಖಾಲಿ ಮಾಡಬೇಕೆಂದಿದ್ದೆವು ಎಂದಿತ್ತು. ಮೈ ಉರಿಯಿತು. ಒಂದು ಕಾರ್ಡು ತೆಗೆದುಕೊಂಡು, "ಬಾಯಲ್ಲೊಂದು, ಮನಸ್ಸಿನಲ್ಲೊಂದು ಇಟ್ಟುಕೊಳ್ಳುವ ಜನ ನೀವು" ಎಂದು ಮೊದಲ ಸಾಲು ಬರೆದೆ. ಬರೆದದ್ದನ್ನು ಓದಿ ನೋಡುವಾಗ ಕಣ್ಣು ಕೃಷ್ಣನ ಪೀಠದ ಕಡೆಗೆ ಹೋಯಿತು. ಬರೆದ ಕಾರ್ಡನ್ನು ಚೂರು ಮಾಡಿ ಒಲೆಗೆ ಹಾಕಿ, ಇನ್ನೊಂದು ಕಾರ್ಡಿನಲ್ಲಿ, "ನಿಮ್ಮ ಪ್ರೀತಿ ಗೊತ್ತಿಲ್ಲವೇ, ಇಲ್ಲಿ ಎಲ್ಲರೂ ಕ್ಷೇಮ" ಎಂದಷ್ಟೇ ಬರೆದು, ನೆನೆದ ಉದ್ದಿನಬೇಳೆ ಹುಳಿಯಾಗುವ ಮೊದಲು ರುಬ್ಬೋಣವೆಂದು ಒರಳಿನ ಮುಂದೆ ಕೂತೆ.