ಎಲ್ಲ ಕ್ಷೇಮ, ಮೂರು ಕಿಲೋವ್ಯಾಟ್

ಈ ಭೂಮಂಡಲದಲ್ಲಿ ನನ್ನ ಮಾತಿಗೆ ಎದುರಾಡದ ಜೀವ ಒಂದಿದ್ದರೆ ಅದು ನಮ್ಮ ಮಾವನವರದು ಎಂದು ನಾನು ಬಹುಕಾಲ ನಂಬಿದ್ದೆ. ಮೂವತ್ತು ವರ್ಷ ಲೈನ್‌ಮನ್ ಆಗಿ ಕಂಬ ಹತ್ತಿದ ಮನುಷ್ಯ, ಅಳಿಯನ ವಿದ್ವತ್ತಿಗೆ ತಲೆದೂಗಿ ಸುಮ್ಮನಿದ್ದಾರೆ ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಅವರಿಗೆ ಎದುರಾಡಲು ಉಸಿರಿರಲಿಲ್ಲ. ಶ್ವಾಸಕೋಶ ಸೋತು, ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು, ಆಕ್ಸಿಜನ್ ಮಷಿನ್ ಪಕ್ಕದಲ್ಲೇ ಅವರ ವಾಸ.

ಆ ಮಷಿನ್ ನಿಲ್ಲಬಾರದೆಂದೇ ನಾನು ಮಾಳಿಗೆಯ ಮೇಲೆ ಸೋಲಾರ್ ಹಾಕಿಸಿದ್ದು. "ಇನ್ನು ಈ ಮನೆಯಲ್ಲಿ ಹಗಲು ಹೊತ್ತು ಕರೆಂಟ್ ಹೋಯಿತು ಎಂಬ ಮಾತೇ ಇಲ್ಲ" ಎಂದು ಘೋಷಿಸಿ, ಹಳೆಯ ಯುಪಿಎಸ್ಸನ್ನು ಬ್ಯಾಟರಿ ಸಮೇತ ಗುಜರಿಗೆ ಸಾಗಹಾಕಿದೆ. ಸೋಲಾರನ್ನು ಬೀದಿಯ ಲೈನಿಗೆ ಜೋಡಿಸಿದ ದಿನ ಮಾವ ಕೈಯೆತ್ತಿ, "ಅಳಿಯಂದ್ರೇ... ಲೈನ್ ಹೋದ್ರೆ..." ಎಂದರು.

"ನೀವು ಆರಾಮವಾಗಿರಿ ಮಾವ, ಕಾಲ ಬದಲಾಗಿದೆ" ಎಂದೆ. ಅವರು ಕೈ ಇಳಿಸಿದರು. ಅದನ್ನು ಒಪ್ಪಿಗೆ ಎಂದು ಲೆಕ್ಕಕ್ಕೆ ಹಿಡಿದೆ.

ನನ್ನ ದಿಗ್ವಿಜಯ ಅಷ್ಟಕ್ಕೇ ಮುಗಿಯಲಿಲ್ಲ. ಸೋಲಾರಿನ ಕರೆಂಟನ್ನು ಮನೆಗೆ ಒಗ್ಗಿಸುವ ಇನ್ವರ್ಟರಿನ ಪಕ್ಕ ಒಂದು ಪುಟ್ಟ ಪೆಟ್ಟಿಗೆ ಕೂರಿಸಿದೆ. ಅದು ಇಂಟರ್ನೆಟ್ ಹಿಡಿದು ಎರಡು ನಿಮಿಷಕ್ಕೊಮ್ಮೆ ನಮ್ಮ ಫ್ಯಾಮಿಲಿ ಗ್ರೂಪಿಗೆ ವರದಿ ಒಪ್ಪಿಸುತ್ತಿತ್ತು: "ಉತ್ಪಾದನೆ ಇಷ್ಟು ಕಿಲೋವ್ಯಾಟ್. ಮನೆಯಲ್ಲಿ ಎಲ್ಲ ಕ್ಷೇಮ." ಎರಡನೆಯ ವಾಕ್ಯ ನನ್ನ ಸ್ವಂತ ರಚನೆ. ಒಮ್ಮೆ ನೆಟ್ ಹೋಗಿ ವರದಿ ತಪ್ಪಿದಾಗ ಭಾವಮೈದುನ, "ಏನ್ ಭಾವ, ಸೂರ್ಯ ರಜಾನಾ?" ಎಂದು ಗ್ರೂಪಿನಲ್ಲೇ ಕುಟುಕಿದ. ಮಾನದ ಪ್ರಶ್ನೆ. ಪೆಟ್ಟಿಗೆಯಿಂದ ಸುದ್ದಿ ಬರದಿದ್ದರೆ ಸೋಲಾರ್ ಕಂಪನಿಯ ಸರ್ವರ್ರೇ ಹಿಂದಿನ ಅಂಕಿಯನ್ನು ಮತ್ತೆ ಮತ್ತೆ ಗ್ರೂಪಿಗೆ ಕಳಿಸುತ್ತಿರುವಂತೆ ಏರ್ಪಾಡು ಮಾಡಿಬಿಟ್ಟೆ.

ಮೂರನೆಯ ವಾರ, ಮಟಮಟ ಮಧ್ಯಾಹ್ನ. ಆಫೀಸಿನಲ್ಲಿ ಹೆಡ್‌ಕ್ಲರ್ಕಿಗೆ ಫೋನ್ ತೋರಿಸುತ್ತ ಪ್ರವಚನ ನಡೆಸಿದ್ದಾಗ ಹೆಂಡತಿ ಕರೆ ಮಾಡಿದಳು.

"ರೀ, ಕರೆಂಟ್ ಹೋಯ್ತು. ಅಪ್ಪನ ಮಷಿನ್ ನಿಂತಿದೆ."

"ಹೋಗಿಲ್ಲ. ಮೂರು ಕಿಲೋವ್ಯಾಟ್ ಬರ್ತಾ ಇದೆ. ಈಗಷ್ಟೇ ಮೆಸೇಜ್ ಬಂತು."

"ಫ್ಯಾನ್ ನಿಂತಿದೆ, ಫ್ರಿಜ್ ನಿಂತಿದೆ."

"ಸ್ವಿಚ್ ಸರಿಯಾಗಿ ನೋಡು."

"ಅಪ್ಪನ ತುಟಿ ನೀಲಿ ಆಗ್ತಿದೆ ಕಣ್ರೀ."

"ತಾಳು, ಇನ್ನೊಂದು ಬಂತು. ಎಲ್ಲ ಕ್ಷೇಮ ಅಂತಿದೆಯಲ್ಲ."

"ಹಾಗಾದ್ರೆ ಆ ಮೆಸೇಜ್ ಜೊತೆನೇ ಸಂಸಾರ ಮಾಡಿ." ಫೋನ್ ಕಟ್ಟಾಯಿತು.

ಹೆಡ್‌ಕ್ಲರ್ಕು ಕನ್ನಡಕ ಏರಿಸಿ ನನ್ನ ಫೋನಿಗೆ ಬಗ್ಗಿದರು. "ಸಾರ್, ನಾಲ್ಕು ಸಲಾನೂ ಮೂರು ಪಾಯಿಂಟ್ ಒಂದು ಎರಡೇ ಇದೆ. ಸೂರ್ಯ ಅಷ್ಟೊಂದು ಶಿಸ್ತಾ?"

ನಾನು ಓಡಿದೆ. ಸ್ಕೂಟರಿನ ಮೇಲೆ ಬರುವಾಗಲೂ ಜೇಬಿನಲ್ಲಿ ಫೋನು ಟಿಂಗ್ ಅನ್ನುತ್ತಲೇ ಇತ್ತು. ಎಲ್ಲ ಕ್ಷೇಮ, ಎಲ್ಲ ಕ್ಷೇಮ.

ಮನೆಯಲ್ಲಿ ತುಂಡುತುಂಡಾದ ರಟ್ಟಿನ ರಾಶಿ. ಆಪತ್ತಿಗೆಂದು ಇಟ್ಟಿದ್ದ ಆಕ್ಸಿಜನ್ ಸಿಲಿಂಡರಿನ ಮುಂದೆ, ಸೋಲಾರ್ ಸಾಮಾನು ಬಂದ ಖಾಲಿ ಪೆಟ್ಟಿಗೆಗಳನ್ನು ವಾರಂಟಿಗೆ ಬೇಕಾದೀತೆಂದು ನಾನೇ ಪೇರಿಸಿದ್ದೆ. ಹೆಂಡತಿ ಅವನ್ನೆಲ್ಲ ಹರಿದು, ಸಿಲಿಂಡರನ್ನು ಒಬ್ಬಳೇ ಎಳೆತಂದು ಕೊಳವೆ ಜೋಡಿಸಿದ್ದಳು. ಉಗುರುಗಳಲ್ಲಿ ರಕ್ತ. ಮಾವನ ತುಟಿಗೆ ಬಣ್ಣ ಈಗಷ್ಟೇ ಮರಳುತ್ತಿತ್ತು. ಅವಳು ನನ್ನತ್ತ ನೋಡಲಿಲ್ಲ, ತನ್ನ ಫೋನ್ ಎತ್ತಿ ಏನೋ ಒತ್ತಿದಳು. ನನ್ನ ಜೇಬು ಮತ್ತೆ ಟಿಂಗ್ ಎಂದಿತು. ಹೆಂಡತಿ ಗ್ರೂಪ್ ಬಿಟ್ಟುಹೋಗಿದ್ದಳು.

ನಾನು ಮಂಚದ ಪಕ್ಕ ಕುಕ್ಕರಿಸಿದೆ. ಕ್ಷಮೆ ಕೇಳಬೇಕಾದ ಹೊತ್ತು. ಬಾಯಿಂದ ಬಂದದ್ದು ಮಾತ್ರ ಬೇರೆ.

"ಅಲ್ಲ ಮಾವ, ನೆತ್ತಿ ಸುಡೋ ಬಿಸಿಲಿದೆ. ಬೀದಿ ಲೈನ್ ಹೋದ್ರೆ ನಮ್ಮ ಸೋಲಾರ್ ಯಾಕೆ ನಿಲ್ಲಬೇಕು?"

ಮಾವ ಕಿಟಕಿಯತ್ತ ಬೆರಳು ತೋರಿಸಿದರು. ಬೀದಿಯ ತುದಿಯ ಕಂಬದ ಮೇಲೆ, ಸೊಂಟಕ್ಕೆ ಬೆಲ್ಟ್ ಬಿಗಿದ ಒಬ್ಬ ಲೈನ್‌ಮನ್ ಬರಿಗೈಯಲ್ಲಿ ತಂತಿ ಹಿಡಿದು ತಿರುಚುತ್ತಿದ್ದ.

"ನಿಲ್ಲದಿದ್ರೆ... ನಮ್ಮ ಕರೆಂಟು... ಆ ತಂತಿಗೇ ಹೋಗುತ್ತೆ." ಮಾವ ಉಸಿರು ಎಳೆದುಕೊಂಡರು. "ನನ್ನ ಬದಲು... ಅವನು ಸಾಯ್ತಾನೆ."