ಏಳು ಸಂಪುಟ, ಒಂದು ಮೇಜು

ಆಟದ ಮೇಷ್ಟ್ರು ಬೆಳಿಗ್ಗೆ ಬೆಳಿಗ್ಗೆಯೇ ಅಳತೆಯ ಟೇಪು ಹಿಡಿದು ಕಾಲೇಜು ಲೈಬ್ರರಿಯ ಓದುವ ಕೋಣೆಗೆ ಬಂದದ್ದೇ ಎಲ್ಲಕ್ಕೂ ಮೂಲ. ಮಾತಿಲ್ಲ, ಕತೆಯಿಲ್ಲ, ಅಲ್ಲಿದ್ದ ಉದ್ದನೆಯ ಮೇಜನ್ನು ಅಳೆದರು. ಜೇಬಿನಿಂದ ಬಿಳಿ ಚೆಂಡೊಂದನ್ನು ತೆಗೆದು ಅದರ ಮೇಲೆ ಬಡಿದು, "ಆಹಾ, ಎಷ್ಟು ಚೆನ್ನಾಗಿ ಪುಟಿಯುತ್ತೆ!" ಎಂದರು.

ಲೈಬ್ರರಿಯನ್ನರು ಕೂತಲ್ಲಿಂದ ಧಡಕ್ಕನೆ ಎದ್ದರು. ಕಾಲೇಜಿನಲ್ಲಿ ಅವರಿಗೆ ಶ್ಶ್ ಮೇಷ್ಟ್ರು ಎಂದೇ ಹೆಸರು. ಗೋಡೆಯ ಗಡಿಯಾರಕ್ಕೂ ಒಮ್ಮೆ ಶ್ಶ್ ಎಂದು ಗದರಿಸಿದ ಮಹಾನುಭಾವರು ಅವರು. ಎದ್ದೆನೋ ಬಿದ್ದೆನೋ ಎಂದು ಪ್ರಿನ್ಸಿಪಾಲರ ಬಳಿಗೆ ಓಡಿದರು.

"ನಾನೇನ್ರೀ ಮಾಡ್ಲಿ? ಆ ಕೋಣೆಗೆ ಒಂದು ನೊಣಾನೂ ಬರಲ್ಲ. ಅವರು ಟೇಬಲ್ ಟೆನಿಸ್ ಆಡಿಸ್ತೀನಿ ಅಂತಿದಾರೆ," ಎಂದರು ಪ್ರಿನ್ಸಿಪಾಲರು.

"ಜನ ಬರ್ತಾರೆ ಸಾರ್! ಕರೆದ್ರೆ ಬರ್ತಾರೆ!"

"ಹಾಗಾದ್ರೆ ಸಂಜೆ ಅಲ್ಲೇ ಒಂದು ಉಪನ್ಯಾಸ ಕೊಡಿ. ಯಾವುದಾದ್ರೂ ದೊಡ್ಡ ಪುಸ್ತಕದ ಮೇಲೆ. ಕೋಣೆ ತುಂಬಿದ್ರೆ ಕೋಣೆ ನಿಮ್ದು."

ದೊಡ್ಡ ಪುಸ್ತಕ ಎಂದಮೇಲೆ ಹುಡುಕುವುದೇನು? ಕಪಾಟಿನ ಕೆಳಗಿನ ಸಾಲಿನಲ್ಲಿ ಒಬ್ಬ ಆಧುನಿಕ ಇಸ್ಲಾಮಿ ರಾಜಕೀಯ ಚಿಂತಕರ ಬದುಕು-ಬರಹ ಏಳು ಸಂಪುಟಗಳಲ್ಲಿ ಕೂತಿತ್ತು. ಶ್ಶ್ ಮೇಷ್ಟ್ರು ಅವುಗಳ ಧೂಳು ಒರೆಸಿದ್ದರೇ ಹೊರತು ಒಳಗೆ ಇಣುಕಿರಲಿಲ್ಲ. ಈಗ ಇಣುಕಿದರು, ಮುಳುಗಿಯೇ ಹೋದರು. ಆಳುವವನು ಯಾರೇ ಆಗಿರಲಿ, ಶೂರಾ ಇಲ್ಲದೆ, ಅಂದರೆ ಜನರೊಡನೆ ಕೂಡಿ ಆಲೋಚಿಸದೆ, ಯಾವ ತೀರ್ಮಾನವನ್ನೂ ಮಾಡಕೂಡದು ಎಂದು ಬರೆದು ಬರೆದೇ ಆ ಚಿಂತಕರು ಜೈಲು ಸೇರಿದ್ದರು. ಅಲ್ಲಿಯೂ ಕಿಟಕಿ ತೆರೆಯಲೋ ಮುಚ್ಚಲೋ ಎಂದು ಪಕ್ಕದ ಕಳ್ಳನನ್ನು ಕೇಳಿಯೇ ಮಲಗುತ್ತಿದ್ದರಂತೆ. ಶ್ಶ್ ಮೇಷ್ಟ್ರ ಕಣ್ಣು ತುಂಬಿ ಬಂತು. ತಮ್ಮನ್ನು ಒಂದು ಮಾತೂ ಕೇಳದೆ ಮೇಜು ಅಳೆದವರ ನೆನಪಾಗಿ ರಕ್ತವೂ ಕುದಿಯಿತು.

ಕೆಮಿಸ್ಟ್ರಿ ಮೇಡಂ ಬಾಗಿಲಲ್ಲಿ ತಲೆ ಹಾಕಿದರು. "ಆ ಚಿಂತಕರ ಹೆಂಡತಿ ಏನಂತಿದ್ರು, ಅದನ್ನ ಹೇಳಿ. ಜನ ಬರ್ತಾರೆ."

"ಮೇಡಂ, ಇದು ರಾಜಕೀಯ ಚಿಂತನೆ."

"ನಮ್ಮನೇಲಿ ಎಲ್ಲಾ ರಾಜಕೀಯನೂ ಅಲ್ಲಿಂದಾನೇ ಶುರುವಾಗೋದು," ಎಂದು ಅವರು ಹೊರಟುಹೋದರು.

ಸಂಜೆಯಾಯಿತು. ಕುರ್ಚಿಗಳೆಲ್ಲ ಸಾಲಾಗಿ ಕೂತಿದ್ದವು, ಅವುಗಳ ಮೇಲೆ ಯಾರೂ ಕೂತಿರಲಿಲ್ಲ. ಶ್ಶ್ ಮೇಷ್ಟ್ರು ಗಾಬರಿಯಿಂದ ಅಟೆಂಡರನನ್ನು ಕರೆದರು. "ನೋಟೀಸು ಎಲ್ಲಿ ಅಂಟಿಸಿದೆಯೋ?"

"ಈ ಕೋಣೇಲೇ ಸಾರ್, ಬಾಗಿಲ ಹಿಂದೆ. ನೋಟೀಸು ಓದೋಕೆ ಅಲ್ವಾ? ಓದೋ ಕೋಣೆ ಇದೇ ಅಲ್ವಾ?"

ಬೈಯಲೂ ಪುರಸೊತ್ತಿರಲಿಲ್ಲ. ಶ್ಶ್ ಮೇಷ್ಟ್ರು ಪಂಚಾಯಿತಿ ಮಾಡದೆ ನೇರ ಮೈದಾನಕ್ಕೆ ಓಡಿ, ಅಭ್ಯಾಸ ಮುಗಿಸಿ ನೀರು ಕುಡಿಯುತ್ತಿದ್ದ ಆಟಗಾರರ ಮುಂದೆ ಕೈ ಮುಗಿದು ನಿಂತರು. "ಬನ್ರಪ್ಪಾ, ಸುಮ್ನೆ ಕೂತ್ಕೊಳ್ಳಿ. ಫ್ಯಾನಿದೆ."

"ಹೋಗ್ರೋ, ಕೇಳಿದ್ರೆ ಹಾಳಾಗಲ್ಲ," ಎಂದರು ಆಟದ ಮೇಷ್ಟ್ರು. ಪಾಪ, ಒಳ್ಳೆಯ ಮನುಷ್ಯ. ತಾವೂ ಹಿಂದೆಯೇ ಬಂದರು.

ಪ್ರಿನ್ಸಿಪಾಲರು ಬರುವ ಹೊತ್ತಿಗೆ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆವರಿನ ವಾಸನೆಯಂತೂ ತಡೆಯಲಾಗುತ್ತಿರಲಿಲ್ಲ. ಶ್ಶ್ ಮೇಷ್ಟ್ರಿಗೆ ಎಲ್ಲಿಲ್ಲದ ಹುರುಪು ಬಂತು. ಹುಟ್ಟು ಹೇಳಿದರು, ಜೈಲು ಹೇಳಿದರು. ಕಿಟಕಿ ಮತ್ತು ಕಳ್ಳನ ಪ್ರಸಂಗಕ್ಕೆ ಚಪ್ಪಾಳೆ ಬಿತ್ತು. ಜನ್ಮವಿಡೀ ಶ್ಶ್ ಎಂದೇ ಕಳೆದ ಮನುಷ್ಯನಿಗೆ ಚಪ್ಪಾಳೆ ನೆತ್ತಿಗೇರಿತು.

ಪ್ರಿನ್ಸಿಪಾಲರು ಸಂತೋಷದಿಂದ ಎದ್ದರು. "ಭಲೇ! ಮಾತಿಗೆ ತಪ್ಪೋನಲ್ಲ ನಾನು. ಕೋಣೆ ನಿಮ್..."

"ಒಂದೇ ಮಾತು ಸಾರ್!" ಶ್ಶ್ ಮೇಷ್ಟ್ರು ಮೇಜು ಗುದ್ದಿದರು. "ಈ ಏಳು ಸಂಪುಟದ ಸಾರ ಇಷ್ಟೇ. ಮೇಲೆ ಕೂತವರು ಒಬ್ಬರೇ ಮಾಡಿದ ತೀರ್ಮಾನ ತೀರ್ಮಾನಾನೇ ಅಲ್ಲ! ಎದುರಿಗೆ ಕೂತಿರೋ ಜನಾನ ಕೇಳಬೇಕು!"

ಪ್ರಿನ್ಸಿಪಾಲರ ಬಾಯಿ ತೆರೆದದ್ದು ತೆರೆದಂತೆಯೇ ನಿಂತಿತು.

"ನಿಜ ಕಣ್ರೀ," ಎಂದರು ಹಣೆ ಬಡಿದುಕೊಂಡು. "ಎಂಥಾ ತಪ್ಪು ಮಾಡ್ತಿದ್ದೆ! ಜನಾನೇ ಕೇಳೋಣ. ಈ ಕೋಣೆ ಓದೋಕೆ ಬೇಕು ಅನ್ನೋರು ಕೈ ಎತ್ತಿ."

ಶ್ಶ್ ಮೇಷ್ಟ್ರ ಕೈ ಎದ್ದಿತು. ಹಿಂದೆ ನಿಂತು ಕೇಳುತ್ತಿದ್ದ ಕೆಮಿಸ್ಟ್ರಿ ಮೇಡಂ ಕೈಯೂ ಎದ್ದಿತು, ಆದರೆ ಅವರು ಜಡೆ ಸರಿಮಾಡಿಕೊಂಡು ಇಳಿಸಿಬಿಟ್ಟರು.

"ಟೇಬಲ್ ಟೆನಿಸ್‌ಗೆ?"

ಎದುರಿಗೆ ಕಬ್ಬಿನ ಗದ್ದೆಯಂತೆ ಕೈಗಳು ಎದ್ದವು. ಅಟೆಂಡರ್ ಎರಡೂ ಕೈ ಎತ್ತಿದ್ದ.

ತಮ್ಮ ಕಾಲ ಮೇಲೆ ತಾವೇ ಕಲ್ಲು ಎತ್ತಿಹಾಕಿಕೊಂಡ ಶ್ಶ್ ಮೇಷ್ಟ್ರು ಮೂಲೆಯ ಸ್ಟೂಲಿನ ಮೇಲೆ ಕುಸಿದರು. ಅವರಿಗೆ ನಿಜಕ್ಕೂ ಅಳು ಬಂದಿತ್ತು. ಕುರ್ಚಿಗಳು ಆಗಲೇ ಹೊರಗೆ ಹೋಗುತ್ತಿದ್ದವು. ಬ್ಯಾಟು ಬಂತು, ಚೆಂಡು ಬಂತು, ಬಲೆ ಮಾತ್ರ ಇರಲಿಲ್ಲ. ಆಟದ ಮೇಷ್ಟ್ರು ಸುತ್ತ ನೋಡಿ, ಏಳು ಸಂಪುಟಗಳನ್ನು ಮೇಜಿನ ನಡುವೆ ಅಡ್ಡಲಾಗಿ ಒಂದೊಂದಾಗಿ ನಿಲ್ಲಿಸತೊಡಗಿದರು. ಒಂದನ್ನು ಕೈಯಲ್ಲಿ ಹಿಡಿದು ಥಟ್ಟನೆ ನಿಂತು, ಮೂಲೆಗೆ ಬಂದು ವಿನಯದಿಂದ ಬಾಗಿದರು.

"ಮೇಷ್ಟ್ರೇ, ಈ ಜೈಲಿನ ಸಂಪುಟ ಮಧ್ಯದಲ್ಲಿ ಇಡ್ಲಾ, ತುದೀಲಿ ಇಡ್ಲಾ? ನಿಮ್ಮ ಪುಸ್ತಕ ನೋಡಿ, ನಿಮ್ಮನ್ನ ಕೇಳದೆ ತೀರ್ಮಾನ ಮಾಡೋಕೆ ಮನಸ್ಸು ಒಪ್ಪಲಿಲ್ಲ."

ಶ್ಶ್ ಮೇಷ್ಟ್ರು ಕಣ್ಣೊರೆಸಿಕೊಂಡು ಮೇಜಿನ ಮೇಲಿನ ಸಾಲನ್ನೂ ಅವರ ಕೈಯಲ್ಲಿದ್ದ ಸಂಪುಟವನ್ನೂ ಹೋಲಿಸಿ ನೋಡಿದರು.

"ಮಧ್ಯದಲ್ಲೇ ಇಡಿ," ಎಂದರು ಕೊನೆಗೆ. "ಅದು ಸ್ವಲ್ಪ ಎತ್ತರ ಇದೆ."