ಮೂವತ್ತಾರು ಕಾವಲುಗಾರರು, ಒಬ್ಬ ಮಾಟಗಾತಿ

ಒಂದು ಕಾರ್ಡಿನ ಅಗಲ ಅರವತ್ತಮೂರು ಮಿಲಿಮೀಟರ್, ಎತ್ತರ ಎಂಬತ್ತೆಂಟು. ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಕಲಸುವಾಗ ಆ ಕಾರ್ಡು ಬೆರಳಿಗೆ ಗೊತ್ತಾಗಿಬಿಡುತ್ತದೆ. ಆದ್ದರಿಂದ ಮೊದಲ ಹತ್ತೊಂಬತ್ತು ಕಾರ್ಡುಗಳನ್ನು ಕಸದ ಬುಟ್ಟಿಗೆ ಹಾಕಿ, ಇಪ್ಪತ್ತನೆಯದನ್ನು ಒಂದು ಎಂದು ಎಣಿಸತೊಡಗಿದೆ.

ನನ್ನ ಉದ್ಯೋಗವೇ ಅಂಥದ್ದು. ಮೇಟ್ಟುಪಾಳ್ಯಂ ರಸ್ತೆಯ ಒಂದು ಗಿರಣಿಯಲ್ಲಿ, ನೂಲನ್ನು ಎಷ್ಟು ಎಳೆದರೆ ಹರಿಯುತ್ತದೆ ಎಂದು ಅಳೆದು ಬರೆದಿಡುವುದು. ನೂಲಿನ ವಿಷಯದಲ್ಲಿ ನಾನು ತಪ್ಪಿದ್ದಿಲ್ಲ.

ಆಟದ ವಿಷಯ ಹೇಳುತ್ತೇನೆ. ದಾವಣಗೆರೆಯಲ್ಲಿ ಓದುವಾಗ ನಾನೂ ನನ್ನ ರೂಮ್‌ಮೇಟ್ ನಯನಾಳೂ ಸೇರಿ ಒಂದು ಕಾರ್ಡಿನ ಆಟ ಕೊಂಡಿದ್ದೆವು. ಮಾಯಾಲೋಕದ ಆಟ. ಒಂದು ಕಾಡು, ಅದನ್ನು ನುಂಗಲು ಬರುವ ಒಬ್ಬ ಮಾಟಗಾತಿ. ಆಟಗಾರರು ಒಬ್ಬರನ್ನೊಬ್ಬರು ಸೋಲಿಸುವಂತಿಲ್ಲ. ಎಲ್ಲರೂ ಒಂದೇ ಪಕ್ಷ, ಎಲ್ಲರೂ ಸೇರಿ ಮಾಟಗಾತಿಯನ್ನು ಓಡಿಸಬೇಕು. ಹಾಸ್ಟೆಲ್ ಬಿಡುವ ದಿನ ನಮ್ಮಿಬ್ಬರ ನಡುವೆ ಆಸ್ತಿ ವಿಭಾಗವಾಯಿತು. ಕಾರ್ಡುಗಳು ನಯನಾಳಿಗೆ ಹೋದವು. ನಾನು ನಿಯಮಗಳ ಪುಸ್ತಕವನ್ನು ಆರಿಸಿಕೊಂಡೆ!

ಆ ಪುಸ್ತಕದೊಂದಿಗೆ ಪೆರಿಯನಾಯಕನಪಾಳ್ಯದ ಒಂದು ಮಹಡಿಯ ಕೋಣೆಗೆ ಬಂದು ಹನ್ನೊಂದು ತಿಂಗಳಾಗಿತ್ತು. ಶನಿವಾರ ಸಂಜೆ ಬಸ್ ಕಂಡಕ್ಟರಿಗೆ ಇಳಿಯುವ ಸ್ಟಾಪಿನ ಹೆಸರು ಹೇಳಿದರೆ, ನನ್ನ ಮುಂದಿನ ಮಾತು ಸೋಮವಾರ ಬೆಳಿಗ್ಗೆ, ಅದೇ ಕಂಡಕ್ಟರಿಗೆ.

ಕೆಳಗಿನ ಮನೆಯಲ್ಲಿ ಮನೆಯೊಡತಿ ಸರಸಕ್ಕ ಮತ್ತು ಅವರ ಅತ್ತೆ ರಂಗಜ್ಜಿ ಇದ್ದರು. ಎಷ್ಟೋ ತಲೆಮಾರಿನಿಂದ ಇಲ್ಲೇ ನೇಯ್ದುಕೊಂಡಿರುವ ಮನೆತನ. ಬಾಡಿಗೆ ಕೋಣೆ ನೋಡಲು ಬಂದ ದಿನ, ಎಲ್ಲೆಲ್ಲೂ ತಮಿಳೇ ಇರುವ ಈ ಊರಿನಲ್ಲಿ, ಮಗ್ಗದ ಸದ್ದಿನ ನಡುವೆ ಕನ್ನಡ ಕೇಳಿಸಿತು. ಕೋಣೆಗೆ ಕಿಟಕಿ ಇದೆಯೇ ಎಂದೂ ನೋಡದೆ ಒಪ್ಪಿಕೊಂಡೆ. ಆದರೆ ನಾನು ಬಾಗಿಲು ತಟ್ಟಿ ಮಾತಾಡುವ ಪೈಕಿಯಲ್ಲ. ಏನು ಹೇಳಬೇಕಿದ್ದರೂ ಚೀಟಿ ಬರೆದು ಅವರ ಬಾಗಿಲಡಿ ಸರಿಸುತ್ತಿದ್ದೆ. ‘ಮೋಟಾರ್ ನಾನೇ ಆಫ್ ಮಾಡಿದ್ದೇನೆ.’ ‘ಹಬ್ಬದ ಶುಭಾಶಯಗಳು.’ ಒಂದಕ್ಕೂ ಉತ್ತರ ಬರಲಿಲ್ಲ. ಗಂಭೀರ ಸ್ವಭಾವದವರು, ನನ್ನಂತೆಯೇ ಎಂದು ಗೌರವ ಹೆಚ್ಚಿತು.

ಹೀಗಿರಲಾಗಿ ಒಂದು ಭಾನುವಾರ ಘನವಾದ ತೀರ್ಮಾನ ಕೈಗೊಂಡೆ. ಕಾರ್ಡುಗಳನ್ನು ನಾನೇ ಮಾಡುವುದು, ಕನ್ನಡದಲ್ಲೇ ಬರೆಯುವುದು, ಕೆಳಗಿನವರನ್ನು ಆಟಕ್ಕೆ ಕರೆಯುವುದು. ಒಮ್ಮೆ ಆಡಿದರೆ ವಾರವಾರವೂ ಬರುತ್ತಾರೆ. ಭಾನುವಾರದ ಸಮಸ್ಯೆ ಶಾಶ್ವತವಾಗಿ ಬಗೆಹರಿಯುತ್ತದೆ!

ಹೊಸಬರಿಗೆ ನಲವತ್ತು ಕಾರ್ಡುಗಳ ಕಟ್ಟು ಸಾಕು, ಅದಕ್ಕೆ ಒಂದೇ ವಸ್ತುವಿರಬೇಕು ಎಂದು ಪುಸ್ತಕ ಹೇಳುತ್ತದೆ. ಕುಳ್ಳರ ಪಡೆ, ಬೆಂಕಿಯ ಮಾಂತ್ರಿಕರು, ಹೀಗೆ. ನಾನು ಬಹಳ ಯೋಚಿಸಿ ಗಡಿ ಕಾಯುವವರನ್ನು ಆರಿಸಿದೆ. ಒಬ್ಬೊಬ್ಬರೇ ಕಾಡಿನ ಅಂಚಿನಲ್ಲಿ ನಿಲ್ಲುವವರು. ಒಂಟಿಯಾಗಿದ್ದರೆ ಬಲ ಎಂಟು. ಪಕ್ಕಕ್ಕೆ ಯಾರಾದರೂ ಬಂದರೆ ಬಲ ಒಂದು. ಇಂಥ ಮೂವತ್ತಾರು ಮಂದಿ. ಮನೆಯವರ ಮೇಲಿನ ಗೌರವಕ್ಕೆ ನಾಲ್ವರು ನೇಕಾರರು. ಮಾಟಗಾತಿಗೆ ಬೇರೆಯೇ ಒಂದು ಕಾರ್ಡು. ಚಿತ್ರ ಬರೆಯಲಿಲ್ಲ, ಸ್ಪಷ್ಟವಾಗಿ ಬರೆದಿರುವಾಗ ಚಿತ್ರವೇಕೆ? ಗಿರಣಿಯಲ್ಲಿ ಬಿಸಾಡಿದ ನೂಲಿನ ಪೆಟ್ಟಿಗೆಗಳ ರಟ್ಟು, ಕಪ್ಪು ಶಾಯಿ, ಮುತ್ತು ಪೋಣಿಸಿದಂಥ ಅಕ್ಷರ. ಮೂರು ವಾರ ಹಿಡಿಯಿತು. ನನಗೇ ನನ್ನ ಮೇಲೆ ಮೆಚ್ಚುಗೆಯಾಯಿತು.

ಶನಿವಾರ ಆಹ್ವಾನದ ಚೀಟಿ ಬಾಗಿಲಡಿ ಸರಿಸಿದೆ. ಭಾನುವಾರ ನಾಲ್ಕು ಗಂಟೆಗೆ ಮೂರು ತಟ್ಟೆಗಳಲ್ಲಿ ಅವಲಕ್ಕಿ ಹಾಕಿಟ್ಟೆ. ನಾಲ್ಕೂಕಾಲು. ನಾಲ್ಕೂವರೆ. ಅವಲಕ್ಕಿ ಮೆತ್ತಗಿದ್ದದ್ದು ಗಟ್ಟಿಯಾಯಿತು. ಐದಕ್ಕೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು! ಸರಸಕ್ಕ ಮಹಡಿಯಲ್ಲಿ ಒಣಹಾಕಿದ್ದ ಸಂಡಿಗೆ ತೆಗೆಯಲು ಬಂದಿದ್ದರು. ತೆರೆದ ಬಾಗಿಲಲ್ಲಿ ಇಣುಕಿದರು.

“ಏನ್ ಕಣ್ಣು, ಮೂರು ತಟ್ಟೆ ಇಟ್ಕಂಡು ಕೂತಿದ್ದೀ? ಯಾರ್ ಬರ್ತಾರೆ?” ‘ಕಣ್ಣು’ ಎಂಬುದು ಈ ಕಡೆ ಮುದ್ದಿನಿಂದ ಕರೆಯುವ ಮಾತು.

“ನೀವೇ ಅಕ್ಕ. ನೀವು, ಅಜ್ಜಿ. ನಾಲ್ಕು ಗಂಟೆಗೆ.”

“ನಮ್ಮನ್ನ ಯಾರ್ ಕರೆದ್ರು?”

“ಚೀಟಿ ಹಾಕಿದ್ದೆನಲ್ಲ.”

“ಅಯ್ಯಯ್ಯೋ! ಅದು ಕರೆಯೋ ಚೀಟಿಯಾ!” ಸರಸಕ್ಕ ಬಾಗಿಲಲ್ಲೇ ಕುಳಿತುಬಿಟ್ಟರು. “ನಮ್ಗೆ ಪೇಚು ಮಟ್ಟುಂ ಕನ್ನಡ, ಬರೀ ಮಾತು, ಕಣ್ಣು. ಓದೋದು ಬರೆಯೋದೆಲ್ಲ ತಮಿಳು ತಾನ್. ನೀ ಬರೆಯೋದು ಒಂದಕ್ಷರ ತಿಳಿಯಲ್ಲ.”

“ಹಾಗಾದರೆ ಇಷ್ಟು ದಿನದ ಚೀಟಿಗಳು?”

“ಎಲ್ಲಾ ಸಾಮಿ ಪಟದ ಹಿಂದೆ ಭದ್ರವಾಗಿದೆ. ಎಷ್ಟು ಅಳಗಾಗಿ, ಚೆಂದವಾಗಿ ಬರೆದಿದ್ದೀ! ಏನೋ ಮಂತ್ರ ಇರ್ಬೇಕು ಅಂದ್ರು ಅತ್ತೆ. ದಿನಾ ಸಾಂಬ್ರಾಣಿ ಹಿಡೀತಾರೆ.”

ಆ ಚೀಟಿಗಳಲ್ಲಿ ಒಂದು, ‘ನಿಮ್ಮ ಬಚ್ಚಲಿನ ನೀರು ಮೆಟ್ಟಿಲ ಮೇಲೆ ಹರಿಯುತ್ತಿದೆ, ದಯವಿಟ್ಟು ಗಮನಿಸಿ’ ಎಂಬುದಾಗಿತ್ತು.

“ನೀ ಒಂದು ಮಾತಾಡಲ್ಲ, ಕಾಗದ ತಳ್ಳಿ ಓಡೋಗ್ತೀ. ಪಾವಂ, ಈ ಹೆಣ್ಣುಪುಳ್ಳೆಗೆ ಬಾಯಿ ಬರಲ್ವಾ ಅಂತ ಅತ್ತೆ ಎರಡು ಸಲ ಕೇಳಿದ್ರು,” ಎಂದು ಸರಸಕ್ಕ ಎದ್ದು, ಕೆಳಗೆ ಬಾಗಿ ಕೂಗಿದರು: “ಅತ್ತೇ! ಬನ್ನಿ ಮೇಲೆ! ಪುಳ್ಳೆ ಮಾತಾಡ್ತಾ ಇದೆ!”

ಬುದ್ಧಿಯಿರುವವರು ಇಲ್ಲಿಗೆ ಆಟ ಕೈಬಿಟ್ಟು ಅವಲಕ್ಕಿ ಬಡಿಸುತ್ತಿದ್ದರು. ನಾನು ಕಾರ್ಡು ಹಂಚಿದೆ.

ರಂಗಜ್ಜಿ ಐದೂ ಕಾರ್ಡುಗಳನ್ನು ತಲೆಕೆಳಗಾಗಿ ಹಿಡಿದರು. ಅವರಿಗೆ ಅದರಿಂದ ಯಾವ ತೊಂದರೆಯೂ ಆಗಲಿಲ್ಲ. ನಾನು ಪ್ರತಿ ಕಾರ್ಡಿಗೂ ಬಗ್ಗಿ ಓದಿ ಹೇಳಿದೆ. ಒಂದು ಸುತ್ತು ಮುಗಿಯುವಷ್ಟರಲ್ಲಿ ಸತ್ಯ ಹೊಳೆಯಿತು. ಅವರ ಕಾರ್ಡು ಓದುವವಳು ನಾನು, ಯಾವುದನ್ನು ಇಳಿಸಬೇಕೆಂದು ಹೇಳುವವಳೂ ನಾನು. ಎಂದಿನಂತೆ ಒಬ್ಬಳೇ ಆಡುತ್ತಿದ್ದೆ. ಕಾರ್ಡು ಹಿಡಿದುಕೊಳ್ಳಲು ಇಬ್ಬರಿದ್ದರು, ಅಷ್ಟೇ!

ಎರಡನೆಯ ಸುತ್ತಿಗೆ ಮಾಟಗಾತಿ ಬಂದಳು. ಅವಳ ಬಲ ಏಳು.

“ಅಜ್ಜಿ, ಆ ತುದಿಯ ಕಾರ್ಡು ಇಡಿ. ಬಲ ಎಂಟು, ಗೆದ್ದೆವು.”

“ಯಾರಿದು?”

“ಗಡಿ ಕಾಯುವ ಹುಡುಗಿ. ಕಾಡಿನ ಅಂಚಿನಲ್ಲಿ ಒಬ್ಬಳೇ ನಿಲ್ಲುತ್ತಾಳೆ.”

“ಒಬ್ಳೇನಾ?” ಅಜ್ಜಿ ಕಾರ್ಡನ್ನು ಎದೆಗೆ ಒತ್ತಿಕೊಂಡರು. “ವಯಸ್ಸುಪುಳ್ಳೆನ ಒಂಟಿಯಾಗಿ ಕಾಡಿಗೆ ಕಳಿಸ್ತಾರಾ? ಅಪ್ಪ ಅಮ್ಮ ಇಲ್ವಾ ಇವಳಿಗೆ?”

“ಇದು ನಿಯಮ ಅಜ್ಜಿ. ಒಬ್ಬಳೇ ಇದ್ದರೆ ಬಲ ಜಾಸ್ತಿ.”

“ಯಾವನ್ ಬರೆದ ನಿಯಮ?”

ಪುಸ್ತಕ ತೋರಿಸಿದೆ. ನಿಜ ಹೇಳಬೇಕೆಂದರೆ ಆ ಒಂದು ನಿಯಮ ಪುಸ್ತಕದಲ್ಲಿರಲಿಲ್ಲ. ಅದು ನಾನು ಸೇರಿಸಿದ್ದು.

ಅಜ್ಜಿ ಹುಡುಗಿಯನ್ನು ಕೆಳಗಿಟ್ಟರು. ನಾನು ಕೈ ಹಿಡಿಯುವ ಮೊದಲೇ ಪಕ್ಕದಲ್ಲಿ ಇನ್ನೊಬ್ಬ ಕಾವಲುಗಾರನನ್ನು ಇಟ್ಟರು. “ಸರಸು, ನಿನ್ನ ಹತ್ರ ಇರೋರ್ನೂ ಹಾಕು.” ಸರಸಕ್ಕ ಮೂವರನ್ನು ಹಾಕಿದರು. ಗುಂಪಿನಲ್ಲಿ ಒಬ್ಬೊಬ್ಬರ ಬಲ ಒಂದು. ಒಟ್ಟು ಐದು. ಏಳಕ್ಕೆ ಐದು! ಗಡಿ ಮುರಿಯಿತು, ಕಾಡು ಹೋಯಿತು, ಮೂರು ವಾರದ ಶ್ರಮ ಹನ್ನೆರಡು ನಿಮಿಷದಲ್ಲಿ ಮಾಟಗಾತಿಯ ಪಾಲಾಯಿತು.

“ಸತ್ತೋದ್ರಾ?” ಎಂದರು ಅಜ್ಜಿ.

“ಎಲ್ಲರೂ, ಅಜ್ಜಿ.”

“ಪರ್ವಾಗಿಲ್ಲ ಬಿಡು. ಒಟ್ಟಿಗೆ ತಾನೇ ಹೋದ್ರು,” ಎಂದು ತೃಪ್ತಿಯಿಂದ ಅವಲಕ್ಕಿಗೆ ಕೈ ಹಾಕಿದರು.

“ಆಟ ಚೆನ್ನಾಗಿತ್ತು, ಅಮ್ಮಣಿ,” ಎಂದು ಹೇಳಿ ಇಬ್ಬರೂ ಇಳಿದುಹೋದರು. ಮತ್ತೆ ಬರುತ್ತೇವೆ ಎನ್ನಲಿಲ್ಲ. ‘ಮುಂದಿನ ಭಾನುವಾರವೂ ಬನ್ನಿ’ ಎಂದು ನಾನು ಹೇಳಬಹುದಿತ್ತು. ಮೂರೇ ಪದ. ಅವು ನನ್ನ ಬಾಯಿಯವರೆಗೆ ಬರುವಷ್ಟರಲ್ಲಿ ಕೆಳಗೆ ಬಾಗಿಲು ಮುಚ್ಚಿತ್ತು. ಸರಿ, ಬರೆದು ತಿಳಿಸೋಣವೆಂದು ಕಾಗದ, ಪೆನ್ನು ತೆಗೆದುಕೊಂಡೆ. ತೆಗೆದುಕೊಂಡ ಮೇಲೆ ನೆನಪಾಯಿತು.

ಮರುದಿನ ಬೆಳಿಗ್ಗೆ ಏಳಕ್ಕೆ ಬೀಗ ಹಾಕಿಕೊಂಡು ಕೆಳಗಿಳಿದೆ. ಮೂರು ಪದಗಳನ್ನು ಮೆಟ್ಟಿಲಿಗೊಮ್ಮೆ ಹೇಳಿಕೊಂಡೆ. ಹದಿನಾಲ್ಕು ಮೆಟ್ಟಿಲು. ಮೊದಲ ಬಾರಿಗೆ ಆ ಬಾಗಿಲು ತಟ್ಟಿದೆ.

ಸರಸಕ್ಕ ತೆರೆದರು. “ಏನ್ ಕಣ್ಣು?”

“ಸ್ವಲ್ಪ ಸಕ್ಕರೆ ಇದೆಯಾ ಅಕ್ಕ?” ಎಂದೆ.

ನನ್ನ ಕೋಣೆಯಲ್ಲಿ ಎರಡು ಕಿಲೋ ಸಕ್ಕರೆ ಇತ್ತು!

“ಇಲ್ದೇನು? ಡಬ್ಬಿ ಎಲ್ಲಿ?”

ಡಬ್ಬಿ ತಂದಿರಲಿಲ್ಲ. ಎರಡೂ ಕೈ ಜೋಡಿಸಿ ಬೊಗಸೆ ಹಿಡಿದೆ. ಅವರು ನಗುತ್ತಾ ತುಂಬಿ ಕಳಿಸಿದರು. ಹದಿನಾಲ್ಕು ಮೆಟ್ಟಿಲು ಹತ್ತಿ, ಒಂದು ಕಾಳೂ ಚೆಲ್ಲದೆ ಬಾಗಿಲ ಮುಂದೆ ನಿಂತೆ. ಬೀಗ ತೆಗೆಯಲು ಕೈ ಖಾಲಿಯಿರಲಿಲ್ಲ. ಬೇರೆ ದಾರಿ ಕಾಣದೆ, ಅಲ್ಲೇ ನಿಂತು ಅಷ್ಟೂ ಸಕ್ಕರೆ ತಿಂದೆ.